ಕೈ ಬಲ್ಲ ವಿದ್ಯೆಗೆ ಪುಸ್ತಕದ ಹೆಸರು

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣ. ಓದುಗರ ಅನುಕೂಲಕ್ಕಾಗಿ ಬರಹಕ್ಕೆ ಇಳಿಸಲಾಗಿದೆ.)





ವಸ್ತು ವಿಜ್ಞಾನ ಮತ್ತು ಎಂಜಿನಿಯರಿಂಗ್ ಕುರಿತು ಮಾತನಾಡಲು ಒಬ್ಬ ಭಾಷಾ ಶಿಕ್ಷಕನನ್ನು ಏಕೆ ಕರೆದರು ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡಿರಬಹುದು. ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಬಿ.ಎಡ್. ಮಾಡಿದ್ದೂ ಭಾಷೆಯಲ್ಲೇ. ಆದರೆ ನಮ್ಮ ಮಕ್ಕಳು ವಿಜ್ಞಾನದಲ್ಲಿ ಹಿಂದೆ ಬೀಳುವುದು ಬಹಳ ಸಲ ಬುದ್ಧಿಯ ಕೊರತೆಯಿಂದಲ್ಲ, ಮಾತಿನ ಗೊಂದಲದಿಂದ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಗೊಂದಲಕ್ಕೆ ಒಮ್ಮೆ ನಾನೇ ಕಾರಣನಾಗಿದ್ದೇನೆ. ಅದನ್ನು ಮೊದಲು ಹೇಳಿ ನನ್ನ ಮಾತನ್ನು ಆರಂಭಿಸುತ್ತೇನೆ.

ಒಂದು ಪದದ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ನಾನಿದ್ದ ಶಾಲೆಯಲ್ಲಿ ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿಯಿತ್ತು. ಕೆಲವು ತಿಂಗಳ ಕಾಲ ಒಂಬತ್ತನೇ ತರಗತಿಯ ವಿಜ್ಞಾನದ ಪಾಠವನ್ನೂ ನಾನೇ ನಿಭಾಯಿಸಬೇಕಾಯಿತು. ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಏಳನೆಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ, ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬಂದವನು. ತಂದೆಗೆ ವೆಲ್ಡಿಂಗ್ ಅಂಗಡಿ. ಕಿರು ಪರೀಕ್ಷೆಯಲ್ಲಿ "ಎಲ್ಲಾ ಧಾತುಗಳೂ ಲೋಹಗಳೇ?" ಎಂದು ಒಂದು ಪ್ರಶ್ನೆ ಕೊಟ್ಟಿದ್ದೆ. ಅವನು "ಹೌದು" ಎಂದು ಬರೆದಿದ್ದ. ಉತ್ತರ ತಪ್ಪು. ಆಮ್ಲಜನಕವೂ ಧಾತು, ಗಂಧಕವೂ ಧಾತು, ಅವು ಲೋಹಗಳಲ್ಲ. ನಾನು ತಪ್ಪು ಗುರುತು ಹಾಕಿದ್ದಷ್ಟೇ ಅಲ್ಲ, ಇಡೀ ತರಗತಿಯ ಮುಂದೆ ಆ ಉತ್ತರವನ್ನು ಓದಿ ನಗಿಸಿದೆ. "ಗಾಳಿಯನ್ನು ವೆಲ್ಡಿಂಗ್ ಮಾಡ್ತೀಯೇನೋ?" ಎಂದೆ. ಮಕ್ಕಳೆಲ್ಲ ನಕ್ಕರು. ಅವನು ತಲೆ ತಗ್ಗಿಸಿ ಕುಳಿತ. ಅಂದಿನಿಂದ ಹಿಂದಿನ ಬೆಂಚಿಗೆ ಹೋದವನು ಮುಂದೆ ಬರಲಿಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನದಲ್ಲಿ ಅನುತ್ತೀರ್ಣನಾಗಿ ಶಾಲೆಯ ದಾರಿಯನ್ನೇ ಬಿಟ್ಟ.

ಎರಡು ವರ್ಷದ ನಂತರ ನಮ್ಮ ಮನೆಯ ನೀರಿನ ಪಂಪಿನ ಹೊರಕವಚ ಬಿರುಕು ಬಿಟ್ಟಿತೆಂದು ಅದೇ ಅಂಗಡಿಗೆ ಹೋದೆ. ಹುಡುಗನೇ ಇದ್ದ. ಗೌರವದಿಂದ ಸ್ಟೂಲ್ ಹಾಕಿದ. ಪಂಪನ್ನು ನೋಡಿ, "ಇದು ಬೀಡು ಸರ್, ಮಾಮೂಲಿ ರಾಡ್ ಹಾಕಿದ್ರೆ ಪಕ್ಕದಲ್ಲೇ ಮತ್ತೆ ಸೀಳುತ್ತೆ. ಮೊದಲು ಪೂರ್ತಿ ಕಾಯಿಸ್ಬೇಕು, ನಿಕ್ಕಲ್ ರಾಡ್ ಹಾಕ್ಬೇಕು, ಆಮೇಲೆ ಬೂದಿಯಲ್ಲಿ ಹೂತಿಟ್ಟು ನಿಧಾನ ಆರಿಸ್ಬೇಕು. ಬೇಗ ಆರಿದ್ರೆ ಗಾಜಿನ ಹಂಗೆ ಆಗುತ್ತೆ" ಎಂದ.

ಬಂಧುಗಳೇ, ಆ ಹುಡುಗ ಹೇಳಿದ ಮೂರು ವಾಕ್ಯಗಳು ಎಂಜಿನಿಯರಿಂಗ್ ಕಾಲೇಜಿನ ಒಂದು ಪಾಠ. ಬೀಡು ಕಬ್ಬಿಣದಲ್ಲಿ ಇಂಗಾಲ ಶೇಕಡ 2ರಿಂದ 4ರಷ್ಟಿರುತ್ತದೆ. ಗೇಟು, ಕಿಟಕಿಗೆ ಬಳಸುವ ಮೆದು ಉಕ್ಕಿನಲ್ಲಿ ಅದು ಕಾಲು ಶೇಕಡಕ್ಕಿಂತ ಕಡಿಮೆ. ಇಂಗಾಲ ಹೆಚ್ಚಿರುವ ಲೋಹ ತಟ್ಟನೆ ತಣಿದಾಗ ಒಳಗೆ ಬಹಳ ಗಟ್ಟಿಯಾದ, ಆದರೆ ಬಾಗಲಾರದ ರಚನೆ ಹುಟ್ಟುತ್ತದೆ. ನಿಧಾನವಾಗಿ ತಣಿದರೆ ಆ ಅಪಾಯ ಕಡಿಮೆ. ಇದನ್ನು ಅವನು ಕೈಯಿಂದ ಬಲ್ಲ. ನಾನು ಪುಸ್ತಕದಿಂದಲೂ ಬಲ್ಲವನಾಗಿರಲಿಲ್ಲ.

ಆಗ ಧೈರ್ಯ ಮಾಡಿ ಹಳೆಯ ಪ್ರಶ್ನೆಯನ್ನು ಎತ್ತಿದೆ. ಅವನು ಮೆಲ್ಲಗೆ ಹೇಳಿದ: "ಮನೇಲಿ ಧಾತ್ ಅಂದ್ರೆ ಲೋಹಾನೇ ಅಲ್ವಾ ಸರ್?"

ನಾನು ಉರ್ದು ಕಲಿಸುವವನು. ಉರ್ದುವಿನಲ್ಲಿ 'ಧಾತ್' ಎಂದರೆ ಲೋಹ. ಕನ್ನಡದ ವಿಜ್ಞಾನ ಪುಸ್ತಕದಲ್ಲಿ 'ಧಾತು' ಎಂದರೆ ಮೂಲವಸ್ತು. ಉರ್ದುವಿನಲ್ಲಿ ಅದಕ್ಕೆ 'ಉನ್ಸುರ್' ಎನ್ನುತ್ತಾರೆ. ಒಂದೇ ಮೂಲದ ಪದ ಎರಡು ಭಾಷೆಗಳಲ್ಲಿ ಎರಡು ಅರ್ಥ ಪಡೆದಿದೆ. ಆ ಹುಡುಗ ನನ್ನ ಪ್ರಶ್ನೆಯನ್ನು "ಎಲ್ಲಾ ಲೋಹಗಳೂ ಲೋಹಗಳೇ?" ಎಂದು ಓದಿಕೊಂಡಿದ್ದ. ಹೌದು ಎನ್ನದೆ ಮತ್ತೇನು ಬರೆದಾನು? ಎರಡೂ ಭಾಷೆ ಬಲ್ಲ ಶಿಕ್ಷಕ ಆ ಶಾಲೆಯಲ್ಲಿ ನಾನೊಬ್ಬನೇ ಇದ್ದೆ. ಅದನ್ನು ಗುರುತಿಸಬೇಕಾಗಿದ್ದವನೂ ನಾನೇ.

"ಮತ್ತೆ ಪರೀಕ್ಷೆಗೆ ಕಟ್ಟು, ನಾನು ಹೇಳಿಕೊಡುತ್ತೇನೆ" ಎಂದೆ. ಅವನು ಪಂಪಿನ ಮೇಲಿನ ಕಣ್ಣು ತೆಗೆಯದೆ, "ನನ್ನದು ಆಯ್ತು ಬಿಡಿ ಸರ್. ತಮ್ಮ ಈಗ ಎಂಟನೇ ಕ್ಲಾಸು. ಅವನಿಗೆ ಸರಿಯಾಗಿ ಹೇಳ್ಕೊಡಿ" ಎಂದ.

ಇಂದಿನ ನನ್ನ ಮಾತೆಲ್ಲ ಆ ತಮ್ಮನ ಸಲುವಾಗಿ ಎಂದು ತಿಳಿಯಿರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಶಾಲೆಗಳಲ್ಲಿ ಅಂಥ ತಮ್ಮಂದಿರೂ ತಂಗಿಯರೂ ಇಂದು ಬಹಳ ಮಂದಿ ಕುಳಿತಿದ್ದಾರೆ.

ವಸ್ತು ವಿಜ್ಞಾನ ಎಂದರೇನು?

ವಸ್ತು ವಿಜ್ಞಾನ ಎಂಬ ಹೆಸರು ದೊಡ್ಡದು, ವಿಷಯ ಮನೆಯದು. ಅಡಿಗೆಮನೆಯಿಂದಲೇ ಆರಂಭಿಸೋಣ. ಅದೇ ಜೋಳದ ಹಿಟ್ಟು, ಅದೇ ನೀರು. ಬಿಸಿನೀರಿನಲ್ಲಿ ನಾದಿ ತಟ್ಟಿದರೆ ಬಾಗಿದರೂ ಮುರಿಯದ ರೊಟ್ಟಿ. ಅದನ್ನೇ ಒಣಗುವಂತೆ ಸುಟ್ಟರೆ ಮುಟ್ಟಿದರೆ ಮುರಿಯುವ ಕಡಕ್ ರೊಟ್ಟಿ. ಹಿಟ್ಟು ಬದಲಾಗಲಿಲ್ಲ, ಮಾಡುವ ರೀತಿ ಬದಲಾಯಿತು. ರೀತಿ ಬದಲಾದಾಗ ಒಳಗಿನ ರಚನೆ ಬದಲಾಯಿತು. ರಚನೆ ಬದಲಾದಾಗ ಗುಣ ಬದಲಾಯಿತು. ಗುಣ ಬದಲಾದ್ದರಿಂದ ಉಪಯೋಗವೂ ಬದಲಾಯಿತು: ಒಂದು ಇಂದಿನ ಊಟಕ್ಕೆ, ಇನ್ನೊಂದು ವಾರದ ಪ್ರಯಾಣದ ಬುತ್ತಿಗೆ.

ತಯಾರಿಕೆ, ರಚನೆ, ಗುಣ, ಬಳಕೆ. ಈ ನಾಲ್ಕರ ಸಂಬಂಧವನ್ನು ಅರಿಯುವುದೇ ವಸ್ತು ವಿಜ್ಞಾನ. ಆ ಅರಿವಿನಿಂದ ಬೇಕಾದ ಗುಣದ ವಸ್ತುವನ್ನು ಬೇಕಾದ ಬೆಲೆಯಲ್ಲಿ ತಯಾರಿಸುವುದು ವಸ್ತು ಎಂಜಿನಿಯರಿಂಗ್. ಲೋಹ, ಮಣ್ಣಿನ ವಸ್ತು ಹಾಗೂ ಗಾಜು, ಪ್ಲಾಸ್ಟಿಕ್, ನಾರು ಬೆರೆಸಿದ ಸಂಯೋಜಿತ ವಸ್ತು, ಮೊಬೈಲ್ ಮತ್ತು ಕಂಪ್ಯೂಟರಿನ ಅರೆವಾಹಕ, ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ.

ನಮ್ಮ ಹಿರಿಯರು ಈ ದಾರಿಯಲ್ಲಿ ನಡೆದವರು

ಪವಿತ್ರ ಕುರ್‌ಆನಿನ 57ನೆಯ ಸೂರಾದ ಹೆಸರೇ ಅಲ್-ಹದೀದ್, ಅಂದರೆ ಕಬ್ಬಿಣ. ಕಬ್ಬಿಣದ ಬಲವನ್ನೂ ಅದರಿಂದ ಜನರಿಗಾಗುವ ಪ್ರಯೋಜನವನ್ನೂ ಅಲ್ಲಿ ನೆನಪಿಸಲಾಗಿದೆ. ಹಜ್ರತ್ ದಾವೂದರು ಕಬ್ಬಿಣದ ಕವಚ ಮಾಡುತ್ತಿದ್ದರೆಂದು ನಮ್ಮ ಮಕ್ಕಳು ಮದ್ರಸದಲ್ಲಿ ಕೇಳಿರುತ್ತಾರೆ. ಕೈಕೆಲಸವನ್ನು ಕೀಳಾಗಿ ಕಾಣುವುದು ನಮ್ಮ ದೀನಿನ ಪಾಠವಲ್ಲ.

ಅಲ್-ಕಿಂದಿ ಎಂಬ ದಾರ್ಶನಿಕರು 9ನೆಯ ಶತಮಾನದಲ್ಲಿ ಖಡ್ಗಗಳ ಕುರಿತು, ಬೇರೆ ಬೇರೆ ಬಗೆಯ ಕಬ್ಬಿಣ ಮತ್ತು ಉಕ್ಕನ್ನು ಗುರುತಿಸುವ ಕುರಿತು ಗ್ರಂಥ ಬರೆದರು. 11ನೆಯ ಶತಮಾನದ ಅಲ್-ಬಿರೂನಿ ನೀರು ತುಂಬಿದ ಪಾತ್ರೆಯಲ್ಲಿ ಲೋಹ ಮತ್ತು ರತ್ನಗಳನ್ನು ಮುಳುಗಿಸಿ, ಹೊರಚೆಲ್ಲಿದ ನೀರನ್ನು ತೂಗಿ, ಅವುಗಳ ಸಾಪೇಕ್ಷ ಸಾಂದ್ರತೆಯನ್ನು ಕಂಡುಹಿಡಿದರು. ಇಂದು ನಮ್ಮ ಹೈಸ್ಕೂಲಿನಲ್ಲಿ ಮಾಡಬಹುದಾದ ಪ್ರಯೋಗವದು.

ನಮ್ಮ ಕನ್ನಡ ನಾಡಿನ ಪಾಲು ಇದಕ್ಕಿಂತ ಕಡಿಮೆಯದಲ್ಲ. ಮೂಸೆಯಲ್ಲಿ ಕಬ್ಬಿಣವನ್ನೂ ಇಂಗಾಲವನ್ನೂ ಸೇರಿಸಿ ಕಾಯಿಸಿ ತಯಾರಿಸುತ್ತಿದ್ದ ದಕ್ಷಿಣ ಭಾರತದ ಉಕ್ಕು ಸಮುದ್ರ ದಾಟಿ ಪಶ್ಚಿಮ ಏಷ್ಯಾಕ್ಕೆ ಹೋಗುತ್ತಿತ್ತು. ಯುರೋಪಿನವರು ಅದನ್ನು 'ವೂಟ್ಸ್' ಎಂದು ಕರೆದರು. ಆ ಹೆಸರು ನಮ್ಮ 'ಉಕ್ಕು' ಎಂಬ ಪದದಿಂದಲೇ ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ ವಿದ್ಯುತ್ತಿನಲ್ಲಿ ಹೆಸರು ಮಾಡುವ ಮೊದಲು 1820ರ ಆಸುಪಾಸಿನಲ್ಲಿ ಈ ಉಕ್ಕಿನ ಗುಟ್ಟನ್ನು ಹುಡುಕುತ್ತಿದ್ದರು.

ಹೈದರ್ ಮತ್ತು ಟಿಪ್ಪುವಿನ ಕಾಲದ ರಾಕೆಟ್ಟುಗಳನ್ನು ನೀವೆಲ್ಲ ಕೇಳಿದ್ದೀರಿ. ಅವುಗಳ ವಿಶೇಷ ಮದ್ದಿನಲ್ಲಷ್ಟೇ ಇರಲಿಲ್ಲ, ಕೊಳವೆಯಲ್ಲಿತ್ತು. ಅಂದಿನ ಯುರೋಪಿನ ರಾಕೆಟ್ಟಿಗೆ ಕಾಗದದ ಕವಚ. ಮೈಸೂರಿನ ರಾಕೆಟ್ಟಿಗೆ ಕಬ್ಬಿಣದ ಕವಚ. ಕಬ್ಬಿಣ ಒಳಗಿನ ಹೆಚ್ಚಿನ ಒತ್ತಡವನ್ನು ತಡೆಯಬಲ್ಲದು. ಒತ್ತಡ ಹೆಚ್ಚಿದರೆ ವೇಗ ಮತ್ತು ದೂರ ಹೆಚ್ಚು. 1780ರ ಪೊಳ್ಳಿಲೂರು ಕದನದಲ್ಲಿ ಬ್ರಿಟಿಷರು ಇದನ್ನು ಅನುಭವಿಸಿದರು. ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹೊಸನಗರ ತಾಲ್ಲೂಕಿನಲ್ಲಿ, 2018ರಲ್ಲಿ ಒಂದು ಹಾಳು ಬಾವಿಯಿಂದ ಸಾವಿರದಷ್ಟು ಹಳೆಯ ರಾಕೆಟ್ ಕವಚಗಳು ದೊರೆತವು. ತುಕ್ಕು ಹಿಡಿದ ಆ ಕಬ್ಬಿಣದ ಕೊಳವೆಗಳೂ ವಸ್ತು ವಿಜ್ಞಾನದ ಪಾಠವೇ.

ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರನ್ನು ಕ್ಷಿಪಣಿಯ ಮನುಷ್ಯನೆಂದು ಕರೆಯುತ್ತೇವೆ. ಆದರೆ ತಮಗೆ ಅತ್ಯಂತ ಸಂತೋಷ ಕೊಟ್ಟ ಕೆಲಸಗಳಲ್ಲಿ ಒಂದೆಂದು ಅವರು ಹೇಳುತ್ತಿದ್ದುದು ಪೋಲಿಯೊ ಪೀಡಿತ ಮಕ್ಕಳ ಕಾಲಿನ ಆಧಾರ ಪಟ್ಟಿಯನ್ನು. ಮೂರು ಕಿಲೋಗೂ ಹೆಚ್ಚು ತೂಕದ ಲೋಹದ ಪಟ್ಟಿಯನ್ನು ಎಳೆದುಕೊಂಡು ನಡೆಯುತ್ತಿದ್ದ ಮಕ್ಕಳಿಗೆ, ಕ್ಷಿಪಣಿಗೆಂದು ರೂಪಿಸಿದ ಹಗುರ ಸಂಯೋಜಿತ ವಸ್ತುವಿನಿಂದ ಸುಮಾರು 300 ಗ್ರಾಂ ತೂಕದ ಪಟ್ಟಿಯನ್ನು ಮಾಡಿಕೊಟ್ಟರು. ವಸ್ತು ಬದಲಾದರೆ ಒಂದು ಮಗುವಿನ ನಡಿಗೆ ಬದಲಾಗುತ್ತದೆ.

ಇಷ್ಟು ಹೇಳಿ ನಾವು ಹೆಮ್ಮೆಪಟ್ಟು ಕುಳಿತರೆ ಪ್ರಯೋಜನವಿಲ್ಲ. ಹಿರಿಯರ ಉಕ್ಕಿನಿಂದ ನಮ್ಮ ಮಕ್ಕಳ ಅಂಕಪಟ್ಟಿ ತುಂಬುವುದಿಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ಪಾಠ

ಪ್ರಯೋಗಶಾಲೆಯಿಲ್ಲ, ಉಪಕರಣವಿಲ್ಲ ಎಂಬುದು ನಮ್ಮ ಶಿಕ್ಷಕರ ಹಳೆಯ ದೂರು. ದೂರಿನಲ್ಲಿ ಸತ್ಯವಿದೆ. ಆದರೂ ನಮ್ಮ ಸುತ್ತಮುತ್ತಲಿನಿಂದಲೇ ನಾಲ್ಕು ಪಾಠಗಳನ್ನು ನಿಮ್ಮ ಮುಂದಿಡುತ್ತೇನೆ. ಶಿಕ್ಷಕರು ಇವನ್ನು ಹಾಗೆಯೇ ಬಳಸಬಹುದು.

ಮೊದಲನೆಯದು ಚನ್ನಗಿರಿ. ಇದು ಅಡಿಕೆಯ ನಾಡು. ಒಂದು ಅಡಿಕೆ ಹಾಳೆಯ ತಟ್ಟೆಯನ್ನು ತರಗತಿಗೆ ತನ್ನಿ. ನಾರಿನ ಉದ್ದಕ್ಕೆ ಒಂದು ಪಟ್ಟಿ, ನಾರಿಗೆ ಅಡ್ಡಲಾಗಿ ಅಷ್ಟೇ ಅಗಲದ ಇನ್ನೊಂದು ಪಟ್ಟಿ ಕತ್ತರಿಸಿ. ಎರಡನ್ನೂ ಮಕ್ಕಳು ಎಳೆದು ನೋಡಲಿ. ಉದ್ದದ ಪಟ್ಟಿ ಸುಲಭವಾಗಿ ಹರಿಯದು, ಅಡ್ಡದ್ದು ಬೇಗ ಸೀಳುತ್ತದೆ. ಒಂದೇ ವಸ್ತು ದಿಕ್ಕಿಗೆ ತಕ್ಕಂತೆ ಬೇರೆ ಬೇರೆ ಬಲ ತೋರುತ್ತದೆ ಎಂಬ ಮಾತು ಮಕ್ಕಳ ಕೈಗೇ ತಿಳಿಯುತ್ತದೆ. ಬಳಿಕ ಸೂಳೆಕೆರೆಯ ಏರಿಯನ್ನು ತೋರಿಸಿ. ಎರಡು ಗುಡ್ಡಗಳ ನಡುವೆ ಮಣ್ಣಿನಿಂದ ಕಟ್ಟಿದ ಆ ಏರಿ ಶತಮಾನಗಳಿಂದ ನೀರನ್ನು ತಡೆದು ನಿಂತಿದೆ. ಮರಳು ನೀರನ್ನು ಬಿಡುತ್ತದೆ, ಜೇಡಿ ಹಿಡಿಯುತ್ತದೆ, ತುಳಿದು ಬಿಗಿಗೊಳಿಸಿದಷ್ಟೂ ಮಣ್ಣು ಬಲಗೊಳ್ಳುತ್ತದೆ. ಮಣ್ಣನ್ನು ಅರಿತವರು ಕಟ್ಟಿದ ಕೆರೆ ಅದು.

ಎರಡನೆಯದು ಹೊನ್ನಾಳಿ. ತುಂಗಭದ್ರೆಯ ದಡದ ಊರಿಗೆ ಇಟ್ಟಿಗೆ ಹೊಸದಲ್ಲ. ಒಣಗಿದ ಒಂದು ಇಟ್ಟಿಗೆಯನ್ನು ತೂಗಿ. 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು ಒರೆಸಿ ಮತ್ತೆ ತೂಗಿ. ಹೆಚ್ಚಾದ ತೂಕ ಮೊದಲ ತೂಕದ ಶೇಕಡ 20ನ್ನು ಮೀರಿದರೆ ಸಾಮಾನ್ಯ ಕಟ್ಟಡದ ಇಟ್ಟಿಗೆಗೆ ಅದು ಒಳ್ಳೆಯ ಲಕ್ಷಣವಲ್ಲ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿ ಕೇಳಿ: ಚೆನ್ನಾಗಿ ಸುಟ್ಟದ್ದು ಕಣಕಣ ಎನ್ನುತ್ತದೆ, ಅರೆಬೆಂದದ್ದು ಮಂಕಾಗಿ ಸದ್ದು ಮಾಡುತ್ತದೆ. ತಕ್ಕಡಿ, ಬಕೆಟ್ಟು ಮತ್ತು ಶೇಕಡಾವಾರು ಲೆಕ್ಕ ಇಷ್ಟೇ ಸಾಕು. ಈ ಲೆಕ್ಕ ಕಲಿತ ಮಗು ನಾಳೆ ಮನೆ ಕಟ್ಟುವಾಗ ಮೋಸ ಹೋಗುವುದಿಲ್ಲ.

ಮೂರನೆಯದು ನ್ಯಾಮತಿ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ಈ ಸೀಮೆಯ ಕುದುರೆಕೊಂಡ, ಪಲವನಹಳ್ಳಿ ಭಾಗದಲ್ಲಿ ಹಿಂದೆ ಚಿನ್ನಕ್ಕಾಗಿ ಗಣಿ ತೋಡಿದ್ದರು. ಆದ್ದರಿಂದ ಇಲ್ಲಿಯ ಪಾಠ ಚಿನ್ನದಿಂದಲೇ ಆಗಲಿ. ನಮ್ಮ ಹೆಣ್ಣುಮಕ್ಕಳಿಗೆಲ್ಲ '916' ಎಂಬ ಮುದ್ರೆ ಗೊತ್ತು. ಅದು ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ ಎಂದರ್ಥ. ಉಳಿದ 84 ಪಾಲು ಏನು? ತಾಮ್ರ, ಬೆಳ್ಳಿ ಮುಂತಾದವು. ಅದನ್ನೇಕೆ ಬೆರೆಸುತ್ತಾರೆ? ಅಪ್ಪಟ ಚಿನ್ನ ಮೆತ್ತಗೆ, ಬಳೆ ಬೇಗ ಬಾಗುತ್ತದೆ. ಬೇರೆ ಗಾತ್ರದ ಪರಮಾಣುಗಳು ನಡುವೆ ಸೇರಿದಾಗ ಚಿನ್ನದ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಸುಲಭವಾಗಿ ಜಾರಲಾರವು, ಆದ್ದರಿಂದ ಲೋಹ ಗಟ್ಟಿಯಾಗುತ್ತದೆ. ಮಿಶ್ರಲೋಹದ ಇಡೀ ಪಾಠ ಒಂದು ಬಳೆಯಲ್ಲಿದೆ. ಜೊತೆಗೆ ಅಲ್-ಬಿರೂನಿಯ ಪ್ರಯೋಗ ಮಾಡಿಸಿ. ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು, ಕಬ್ಬಿಣ ಸುಮಾರು 7.9 ಪಟ್ಟು, ಸೀಸ 11.3 ಪಟ್ಟು, ಚಿನ್ನ 19.3 ಪಟ್ಟು ಭಾರ. ಚಿನ್ನ ತರುವುದು ಬೇಡ, ಹಿತ್ತಾಳೆಯ ಬೀಗ ಮತ್ತು ಕಬ್ಬಿಣದ ಬೋಲ್ಟು ಸಾಕು.

ನಾಲ್ಕನೆಯದು ಜಗಳೂರು. ಮಳೆ ಕಡಿಮೆ, ಕೊಳವೆಬಾವಿ ಹೆಚ್ಚು. ಆಳದ ನೀರಿನಲ್ಲಿ ಫ್ಲೋರೈಡ್ ತೊಂದರೆಯೂ ಉಂಟು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿಗೂ ಮೂಳೆಗೂ ಹಾನಿ. ಇದಕ್ಕೆ ಪರಿಹಾರವೂ ವಸ್ತುವಿನಲ್ಲೇ ಇದೆ. ಸಕ್ರಿಯ ಅಲ್ಯೂಮಿನಾ ಎಂಬ ರಂಧ್ರಮಯ ವಸ್ತು ಫ್ಲೋರೈಡನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಶುದ್ಧ ನೀರಿನ ಘಟಕದ ಆರ್.ಒ. ಪೊರೆ ನೀರನ್ನು ಬಿಟ್ಟು ಲವಣವನ್ನು ತಡೆಯುತ್ತದೆ. ಇನ್ನು ಜಗಳೂರು, ಚಿತ್ರದುರ್ಗ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿ ಯಂತ್ರಗಳ ರೆಕ್ಕೆಯನ್ನು ಮಕ್ಕಳು ಬಸ್ಸಿನಿಂದ ನೋಡುತ್ತಾರೆ. ಅಷ್ಟು ಉದ್ದದ ರೆಕ್ಕೆ ಕಬ್ಬಿಣದ್ದಾದರೆ ತನ್ನ ಭಾರಕ್ಕೆ ತಾನೇ ಕಷ್ಟಪಡುತ್ತದೆ. ಅದು ಗಾಜಿನ ನಾರನ್ನು ಅಂಟಿನಲ್ಲಿ ಹುದುಗಿಸಿ ಮಾಡಿದ್ದು. ಚನ್ನಗಿರಿಯ ಅಡಿಕೆ ಹಾಳೆಯಲ್ಲಿ ಮಕ್ಕಳು ಎಳೆದು ನೋಡಿದ ನಾರಿನ ಪಾಠವೇ ಜಗಳೂರಿನ ಗುಡ್ಡದ ಮೇಲೆ ತಿರುಗುತ್ತಿದೆ.

ಮೂರು ಸೂಜಿಗಳು

ಯಾವ ಊರಿನಲ್ಲಾದರೂ ಮಾಡಬಹುದಾದ ಇನ್ನೊಂದು ಪ್ರಯೋಗವಿದೆ. ಮೂರು ಹೊಲಿಗೆ ಸೂಜಿ ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದನ್ನು ಕೆಂಪಗೆ ಕಾಯಿಸಿ ನಿಧಾನವಾಗಿ ಆರಲು ಬಿಡಿ. ಮೂರನೆಯದನ್ನು ಕೆಂಪಗೆ ಕಾಯಿಸಿ ತಕ್ಷಣ ತಣ್ಣೀರಿಗೆ ಹಾಕಿ. ಈಗ ಇಕ್ಕಳದಿಂದ ಬಾಗಿಸಿ. ಮೊದಲನೆಯದು ಸ್ಪ್ರಿಂಗಿನಂತೆ ತುಸು ಬಾಗಿ ಮರಳುತ್ತದೆ. ಎರಡನೆಯದು ತಂತಿಯಂತೆ ಬಾಗಿ ಹಾಗೆಯೇ ಉಳಿಯುತ್ತದೆ. ಮೂರನೆಯದು ಟಕ್ಕನೆ ಮುರಿಯುತ್ತದೆ. ಮೂರರಲ್ಲೂ ಅದೇ ಉಕ್ಕು, ಬೇರೆಯಾದದ್ದು ಬೆಂಕಿ ಮತ್ತು ನೀರಿನ ಲೆಕ್ಕ. ಇದನ್ನೇ ಕಮ್ಮಾರರು ಹದ ಎನ್ನುತ್ತಾರೆ, ಉರ್ದುವಿನಲ್ಲಿ ಆಬ್ ಎನ್ನುತ್ತಾರೆ. ಮುರಿದ ಚೂರು ಕಣ್ಣಿಗೆ ಹಾರಬಹುದು. ಆದ್ದರಿಂದ ಶಿಕ್ಷಕರೇ ಕನ್ನಡಕ ಹಾಕಿಕೊಂಡು, ಬಟ್ಟೆಯ ಮರೆಯಲ್ಲಿ ಮಾಡಿ ತೋರಿಸಬೇಕು.

ಈ ಪ್ರಯೋಗಕ್ಕೆ ಊರಿನ ಕಮ್ಮಾರರನ್ನೋ ವೆಲ್ಡಿಂಗ್ ಮೇಸ್ತ್ರಿಯನ್ನೋ ಶಾಲೆಗೆ ಕರೆಯಿರಿ. ತಂದೆ ತರಗತಿಯಲ್ಲಿ ನಿಂತು ಪಾಠ ಹೇಳಿದ ದಿನ ಆ ಮಗು ಹಿಂದಿನ ಬೆಂಚಿನಿಂದ ಮುಂದೆ ಬರುತ್ತದೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಕಲಾಯಿ ಅಜ್ಜನ ಪಾಠ

ಇನ್ನು ಪೋಷಕರಿಗೆ ಒಂದು ಮಾತು. "ನಮ್ಮ ಹುಡುಗನಿಗೆ ಕೈಯಲ್ಲಿ ಕೆಲಸವಿದೆ, ಓದಿ ಏನಾಗಬೇಕು?" ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. 2006ರ ನವೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಸಾಚಾರ್ ಸಮಿತಿಯ ವರದಿಯೂ ನಮ್ಮ ಸಮುದಾಯದ ಬಹುಪಾಲು ಜನ ಸ್ವಂತ ಕಸುಬು, ಸಣ್ಣ ಕೆಲಸಗಳನ್ನೇ ನೆಚ್ಚಿಕೊಂಡಿರುವುದನ್ನು ಗುರುತಿಸಿತ್ತು. ಕಸುಬು ಗೌರವದ್ದೇ. ಆದರೆ ಕಲಾಯಿ ಮಾಡುತ್ತಿದ್ದ ಅಜ್ಜಂದಿರನ್ನು ನೆನೆಯಿರಿ.

ತಾಮ್ರದ ಪಾತ್ರೆಯಲ್ಲಿ ಹುಣಸೆಹುಳಿ ಕುದಿಸಿದರೆ ತಾಮ್ರ ಕರಗಿ ಆಹಾರ ಕೆಡುತ್ತದೆ. ಅದಕ್ಕೆ ಅಜ್ಜ ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ತವರವನ್ನು ಒತ್ತಿ, ಹತ್ತಿಯಿಂದ ಸವರುತ್ತಿದ್ದ. ನವಸಾಗರ ತಾಮ್ರದ ಮೇಲಿನ ಆಕ್ಸೈಡ್ ಪದರವನ್ನು ತೊಡೆಯುತ್ತದೆ; 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ತವರ ಶುದ್ಧ ಮೈಗೆ ಹಿಡಿದುಕೊಳ್ಳುತ್ತದೆ. ಬೀದರಿನ ಕುಶಲಕರ್ಮಿಗಳು ಬಿದರಿ ಪಾತ್ರೆಯನ್ನು ಕಪ್ಪಾಗಿಸಲು ಕೋಟೆಯ ಮಣ್ಣಿನೊಂದಿಗೆ ಬಳಸುವುದೂ ಇದೇ ನವಸಾಗರವನ್ನು. ಎಷ್ಟು ಸೂಕ್ಷ್ಮವಾದ ವಿದ್ಯೆ!

ಆದರೆ ಸ್ಟೇನ್‌ಲೆಸ್ ಸ್ಟೀಲ್ ಬಂತು. ಉಕ್ಕಿಗೆ ಕನಿಷ್ಠ ಶೇಕಡ ಹತ್ತೂವರೆ ಕ್ರೋಮಿಯಂ ಬೆರೆಸಿದರೆ ಅದರ ಮೈಮೇಲೆ ಕಣ್ಣಿಗೆ ಕಾಣದ ರಕ್ಷಣಾ ಪದರ ತಾನಾಗಿ ಹುಟ್ಟುತ್ತದೆ, ಗೀಚಿದರೆ ಮತ್ತೆ ಕೂಡಿಕೊಳ್ಳುತ್ತದೆ. ಕಲಾಯಿಯ ಅಗತ್ಯವೇ ಉಳಿಯಲಿಲ್ಲ. ಅಜ್ಜನ ಕೈಯಲ್ಲಿ ವಿದ್ಯೆಯಿತ್ತು, ವಿದ್ಯೆಯ ಕಾರಣ ಗೊತ್ತಿರಲಿಲ್ಲ. ಕಾರಣ ಗೊತ್ತಿದ್ದರೆ ಅವನ ಮಗ ಲೇಪನದ ಬೇರೆ ಕೆಲಸಕ್ಕೆ ಹೋಗಬಹುದಿತ್ತು. ಕೊಳವೆಬಾವಿಗೆ ಕಬ್ಬಿಣದ ಕೊಳವೆಯ ಜಾಗದಲ್ಲಿ ಪಿ.ವಿ.ಸಿ. ಬಂತು. ಈಗ ನಮ್ಮ ಗ್ಯಾರೇಜುಗಳ ಮುಂದೆ ವಿದ್ಯುತ್ ಸ್ಕೂಟರು, ವಿದ್ಯುತ್ ಆಟೋ ಬಂದು ನಿಂತಿವೆ. ಅವುಗಳಲ್ಲಿ ಪೆಟ್ರೋಲ್ ಎಂಜಿನ್ನಿಲ್ಲ, ಲಿಥಿಯಂ ಬ್ಯಾಟರಿಯಿದೆ. ಕೈಕೆಲಸ ಒಂದು ವಸ್ತುವಿಗೆ ಕಟ್ಟುಬಿದ್ದಿರುತ್ತದೆ. ಕಾರಣ ತಿಳಿದ ಕೈ ಯಾವ ವಸ್ತು ಬಂದರೂ ಕೆಲಸ ಕಂಡುಕೊಳ್ಳುತ್ತದೆ. ನಮ್ಮ ನೆರೆಯ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ತಯಾರಿಸಿ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಪ್ರಕಟವಾಗಿ ಕಾರ್ಮಿಕರು ಬೀದಿಗಿಳಿಯಬೇಕಾಯಿತು. ದೊಡ್ಡ ಕಾರ್ಖಾನೆಯ ಭರವಸೆಯೂ ಶಾಶ್ವತವಲ್ಲ.

ಮುಂದಿನ ದಾರಿ

ವಿದ್ಯಾರ್ಥಿ ಮಿತ್ರರೇ, ಈ ವಿಷಯಕ್ಕೆ ಹೋಗುವ ದಾರಿಗಳನ್ನು ತಿಳಿದಿರಿ. ಎಸ್.ಎಸ್.ಎಲ್.ಸಿ. ನಂತರ ಐ.ಟಿ.ಐ.ಯಲ್ಲಿ ವೆಲ್ಡರ್ ತರಬೇತಿ ಒಂದು ವರ್ಷದ್ದು, ಫಿಟ್ಟರ್ ಎರಡು ವರ್ಷದ್ದು. ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷದ್ದು, ಅದಕ್ಕೆ ಪಿ.ಯು.ಸಿ. ಬೇಕಿಲ್ಲ. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ವಿಜ್ಞಾನದಲ್ಲಿ ಪಿ.ಯು.ಸಿ. ಮಾಡಿದವರಿಗೆ ಸಿ.ಇ.ಟಿ. ಇದೆ. ದಾವಣಗೆರೆಯಲ್ಲಿ 1951ರಲ್ಲಿ ಆರಂಭವಾದ ಬಿ.ಡಿ.ಟಿ. ಕಾಲೇಜೂ 1979ರಲ್ಲಿ ಆರಂಭವಾದ ಬಾಪೂಜಿ ಎಂಜಿನಿಯರಿಂಗ್ ಕಾಲೇಜೂ ಇವೆ. ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ ಲೋಹ ಮತ್ತು ವಸ್ತು ಎಂಜಿನಿಯರಿಂಗ್ ಪ್ರತ್ಯೇಕ ವಿಭಾಗವಾಗಿದೆ, ಅಲ್ಲಿಗೆ ಜೆ.ಇ.ಇ. ಬರೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉನ್ನತ ಅಧ್ಯಯನವಿದೆ. ವಸ್ತುಗಳ ರಸಾಯನ ವಿಜ್ಞಾನದಲ್ಲಿ ಜಗತ್ತಿಗೇ ಹೆಸರಾದ ಪ್ರೊ. ಸಿ.ಎನ್.ಆರ್. ರಾವ್ ಅವರು ನಮ್ಮ ಕರ್ನಾಟಕದವರೇ. 2014ರಲ್ಲಿ ಅವರಿಗೆ ಭಾರತ ರತ್ನ ಪ್ರದಾನವಾಯಿತು. ಶುಲ್ಕಕ್ಕಾಗಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯಿದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿಯೇ ಅರ್ಜಿ ಹಾಕಿ.

ಹೆಣ್ಣುಮಕ್ಕಳ ಪೋಷಕರೇ, ವಸ್ತು ವಿಜ್ಞಾನವೆಂದರೆ ಸುತ್ತಿಗೆ ಹಿಡಿಯುವ ಕೆಲಸ ಮಾತ್ರವೆಂದು ತಿಳಿಯಬೇಡಿ. ಸೂಕ್ಷ್ಮದರ್ಶಕದ ಮುಂದೆ ಕುಳಿತು ಲೋಹದ ರಚನೆ ನೋಡುವುದು, ನೀರಿನ ಪೊರೆಯನ್ನು ಪರೀಕ್ಷಿಸುವುದು, ಔಷಧದ ಹೊದಿಕೆ ತಯಾರಿಸುವುದು ಕೂಡ ಇದೇ ವಿದ್ಯೆ.

ಸಂಘಕ್ಕೆ ಒಂದು ಕೋರಿಕೆ

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಕೋರಿಕೆ. ದೊಡ್ಡ ಪ್ರಯೋಗಶಾಲೆ ಕಟ್ಟಿರೆಂದು ಕೇಳುವುದಿಲ್ಲ. ಮೊದಲು ಒಂದು ಚಿಕ್ಕ ಪದಪಟ್ಟಿ ಮಾಡಿಸೋಣ. ಒಂದು ಕಡೆ ಉರ್ದು, ಇನ್ನೊಂದು ಕಡೆ ಕನ್ನಡ, ಮೂರನೆಯ ಕಡೆ ಇಂಗ್ಲಿಷ್. ಧಾತ್ ಎಂದರೆ ಲೋಹ. ಉನ್ಸುರ್ ಎಂದರೆ ಧಾತು. ಮುರಕ್ಕಬ್ ಎಂದರೆ ಸಂಯುಕ್ತ. ಆಮೇಜಾ ಎಂದರೆ ಮಿಶ್ರಣ. ಫೌಲಾದ್ ಎಂದರೆ ಉಕ್ಕು. ಝಂಗ್ ಎಂದರೆ ತುಕ್ಕು. ಹೀಗೆ ಇನ್ನೂರು ಪದಗಳಾದರೆ ಸಾಕು, ಏಳರಿಂದ ಎಂಟಕ್ಕೆ ದಾಟುವ ಮಗುವಿಗೆ ಅದೇ ಸೇತುವೆ. ಧಾತ್ ಮತ್ತು ಧಾತುವಿನಂಥ ಮೋಸಗೊಳಿಸುವ ಜೋಡಿ ಪದಗಳಿಗೆ ಕೆಂಪು ಗೆರೆ ಎಳೆಯೋಣ. ಪದಗಳನ್ನು ಸಂಗ್ರಹಿಸುವ ಕೆಲಸವನ್ನು ನಾನು ಆರಂಭಿಸಿದ್ದೇನೆ. ವಿಜ್ಞಾನ ಶಿಕ್ಷಕರು ತಿದ್ದಿಕೊಡಬೇಕು, ಸಂಘ ಅಚ್ಚು ಹಾಕಿಸಬೇಕು.

ಆ ಪಟ್ಟಿಯ ಮೊದಲ ಪ್ರತಿಯನ್ನು ಯಾರಿಗೆ ಕೊಡಬೇಕೆಂದು ನನಗೆ ಗೊತ್ತಿದೆ. ತಮ್ಮ ಈಗ ಹತ್ತನೇ ತರಗತಿಯಲ್ಲಿದ್ದಾನೆ. ಆದರೆ ಅದನ್ನು ನಾನು ಶಾಲೆಯಲ್ಲಿ ಕೊಡುವುದಿಲ್ಲ. ಅಂಗಡಿಗೆ ಹೋಗಿ ಅಣ್ಣನ ಕೈಗೆ ಕೊಡುತ್ತೇನೆ. ಅವನೇ ತಮ್ಮನಿಗೆ ಓದಿಸಲಿ. ಓದಿಸುತ್ತಾ ತಾನೂ ಓದಿದರೆ, ಪರೀಕ್ಷೆಗೆ ಮತ್ತೆ ಕಟ್ಟಲು ಇನ್ನೂ ತಡವಾಗಿಲ್ಲ ಎಂದು ಅವನಿಗೂ ಅನಿಸಬಹುದು.

ನಿಮ್ಮ ತರಗತಿಯಲ್ಲಿ ಒಂದು ಮಗು ತಪ್ಪು ಉತ್ತರ ಬರೆದಾಗ, ನಗುವ ಮೊದಲು ಒಮ್ಮೆ ಕೇಳಿ: "ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ?" ನನ್ನ ಭಾಷಣದಲ್ಲಿ ಉಳಿದದ್ದನ್ನೆಲ್ಲ ಮರೆತರೂ ಇಷ್ಟನ್ನು ನೆನಪಿಡಬೇಕೆಂದು ಕೋರುತ್ತೇನೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಇಲ್ಮನ್ನೂ ನಮಗೆ ಅದನ್ನು ಕಲಿಸುವ ತಾಳ್ಮೆಯನ್ನೂ ಕರುಣಿಸಲಿ, ಆಮೀನ್.